ಹೆಸರು ಹೇಳದ ಎಲೆ

ಕಳೆದ ವರ್ಷ ಮಾರ್ಚ್ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಹುಮನಾಬಾದಿನ ವೈದ್ಯರೊಬ್ಬರು ನನ್ನ ಎಡಪಕ್ಕೆಯ ಮೇಲೆ ಎದ್ದಿದ್ದ ಗುಳ್ಳೆಗಳನ್ನು ನೋಡಿ ಸರ್ಪಸುತ್ತು ಎಂದು ಹೇಳಿದರು. ಏಳು ದಿನದ ಗುಳಿಗೆ ಬರೆದರು. ಗುಳ್ಳೆ ಎರಡು ಮೂರು ವಾರದಲ್ಲಿ ತಾನಾಗಿ ಒಣಗುತ್ತದೆ, ಕೆಲವರಿಗೆ ನೋವು ಇನ್ನಷ್ಟು ದಿನ ಉಳಿಯುತ್ತದೆ ಎಂದರು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ದೂರ ಇರಿ, ಯಾರ್ಯಾರಿದ್ದೀರಿ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅವರು ಚೀಟಿ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ.

ನಾನು ಕನ್ನಡ ದಿನಪತ್ರಿಕೆಯೊಂದಕ್ಕೆ ಹುಮನಾಬಾದ್ ಮತ್ತು ಬಸವಕಲ್ಯಾಣದ ವರದಿಗಾರ್ತಿ. ಅದಕ್ಕೂ ಮೊದಲು ಕಲಬುರಗಿ ಕಚೇರಿಯಲ್ಲಿ ಬೇರೆಯವರು ಬರೆದ ಸುದ್ದಿ ತಿದ್ದುವ ಕೆಲಸ ಮಾಡುತ್ತಿದ್ದೆ. ಎರಡೂ ಸೇರಿ ಇಪ್ಪತ್ತೆರಡು ವರ್ಷ. ಮಾಣಿಕನಗರದ ಕಡೆಗೆ ಹೋಗುವ ರಸ್ತೆಯಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗೆ ಇದ್ದೇನೆ. ಕೆಳಗೆ ಟಯರ್ ಅಂಗಡಿ. ನನ್ನ ಫೋನಿಗೆ ದಿನವೂ ಹತ್ತಾರು ಕರೆ ಬರುತ್ತವೆ. ಎಲ್ಲವೂ ಸುದ್ದಿ ಹಾಕಿಸುವವರದು, ಇಲ್ಲವೇ ಸುದ್ದಿ ಯಾಕೆ ಹಾಕಿದಿರಿ ಎಂದು ಕೇಳುವವರದು.

ಆ ದಿನಗಳಲ್ಲಿ ಶನಿವಾರದ ಪುಟಕ್ಕೆ ಒಂದು ಸಣ್ಣ ಚೌಕ, ಅಂದರೆ ಅಂಚು ಕಟ್ಟಿದ ಪುಟ್ಟ ಅಂಕಣ, ಬರೆಯುತ್ತಿದ್ದೆ. ಜಿಲ್ಲೆಯ ಜನರ ಬಾಯಲ್ಲಿದ್ದು ಪತ್ರಿಕೆಯಲ್ಲಿ ಎಂದೂ ಬಾರದ ಪದಗಳ ಬಗ್ಗೆ ವಾರಕ್ಕೊಂದು ಟಿಪ್ಪಣಿ ಬೇಕೆಂದು ಕಲಬುರಗಿಯ ಮುಖ್ಯ ಉಪಸಂಪಾದಕರು ಕೇಳಿದ್ದರು. ನಾನು ಆಯ್ದುಕೊಂಡದ್ದು ಗುಣವಾಗುವುದಕ್ಕೂ ಗುಣ ಮಾಡುವ ವಸ್ತುಗಳಿಗೂ ಇರುವ ಹೆಸರುಗಳನ್ನು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳಿಕೊಳ್ಳುವುದು ಹೆಚ್ಚಾಗಿ ಕಾಯಿಲೆಯನ್ನೇ; ಹುಡುಕಿಕೊಂಡು ಹೋಗುವ ಕೆಲಸವಿರಲಿಲ್ಲ.

ಮೊದಲ ವಾರ ‘ಆರಾಮ’ ಎಂಬುದನ್ನು ಬರೆದೆ. ನಮ್ಮ ಕಡೆ ಜ್ವರ ಬಂದರೆ ಆರಾಮಿಲ್ಲ, ಬಿಟ್ಟರೆ ಆರಾಮಾಯಿತು. ಯಾವ ರೋಗ ಎಂದು ಮೊದಲಿಗೇ ಯಾರೂ ಹೇಳುವುದಿಲ್ಲ. ಆಮೇಲೆ ಔಷಧಕ್ಕೆ ಹೇಳುವ ‘ದವಾ’. ನನ್ನ ವರದಿಗಳಲ್ಲಿ ದವಾಖಾನಿ ಎಂದಿದ್ದಲ್ಲೆಲ್ಲ ಕಚೇರಿಯವರು ಆಸ್ಪತ್ರೆ ಎಂದು ತಿದ್ದುತ್ತಿದ್ದರು, ಈ ಚೌಕದಲ್ಲಿ ಮಾತ್ರ ಹಾಗೇ ಬಿಟ್ಟರು. ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಸಾಗಿಸುವ ಚಾಲಕರು ಮೈ ಸೋತಾಗ ‘ಬಾಟ್ಲಿ ಹಚ್ಚಿಸ್ಕೊಂಡ್ ಬರ್ತೀನಿ’ ಎನ್ನುತ್ತಾರೆ. ಬಾಟ್ಲಿ ಎಂದರೆ ಕೈಗೆ ಸೂಜಿ ಚುಚ್ಚಿ ಏರಿಸುವ ಗ್ಲೂಕೋಸು. ಅದು ಏರುವಷ್ಟು ಹೊತ್ತು ಮಲಗಲು ಸಿಗುತ್ತದೆ ಎಂಬುದನ್ನೂ ಅವರೇ ಹೇಳಿದರು. ಬಸವಕಲ್ಯಾಣದ ದರ್ಗಾದಲ್ಲಿ ನೀರಿನ ಬಾಟಲಿ ಹಿಡಿದು ನಿಂತವರಲ್ಲಿ ಕುಂಕುಮ ಇಟ್ಟವರೂ ಇರುತ್ತಾರೆ. ಓದಿ ಊದಿ ಕೊಡುವ ಆ ನೀರು ದಮ್ಮಿನ ನೀರು. ಹಣೆಗೆ ಹಚ್ಚುವ ಬೂದಿ ಮಠದ್ದಾದರೂ ದರ್ಗಾದ್ದಾದರೂ ಅಂಗಾರ. ಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯಕ್ಕೆ ಗಡಿಯಾಚೆಯ ಮರಾಠಿಯಿಂದ ಬಂದ ಕಾಡಾ ಎಂಬ ಹೆಸರಿದೆ, ಕಷಾಯ ಎಂದರೆ ಮುದುಕಿಯರು ನಗುತ್ತಾರೆ.

ಟಿಪ್ಪಣಿ ಪುಸ್ತಕದಲ್ಲಿ ಇವನ್ನು ಬರೆದುಕೊಳ್ಳುವಾಗ ಒಂದು ಸಂಗತಿ ಗಮನಿಸಿದ್ದೆ. ಯಾವ ಪದವನ್ನೂ ಯಾರೂ ತಮಗೆ ತಾವೇ ಹೇಳಿಕೊಂಡದ್ದಲ್ಲ. ತಾಯಿ ಮಗಳಿಗೆ, ಹೆಂಡತಿ ಗಂಡನಿಗೆ, ಬಸ್ಸಿನಲ್ಲಿ ಒಬ್ಬ ಹೆಂಗಸು ಪರಿಚಯವೇ ಇಲ್ಲದ ಇನ್ನೊಬ್ಬಳಿಗೆ ಹೇಳಿದ್ದು. ಗುಳ್ಳೆ ಎದ್ದ ಆ ವಾರ ಕೋಣೆಯಲ್ಲಿ ಗುಳಿಗೆ ನುಂಗಿದಾಗ ನನಗೆ ಯಾವ ಪದವೂ ಬೇಕಾಗಲಿಲ್ಲ.

ಗುರುವಾರ ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋದೆ. ಕೋಟೆಯ ಹಿಂದಿನ ಓಣಿಯಲ್ಲಿ ನನ್ನ ಸೋದರತ್ತೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಅಪ್ಪನ ತಂಗಿ. ಅಪ್ಪನ ಕಡೆಯಲ್ಲಿ ಈಗ ಉಳಿದವರು ನಾವಿಬ್ಬರೇ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿದು ಕೊಡುತ್ತಾಳೆ. ಅದು ಒಬ್ಬರೇ ಕೂತು ಮಾಡುವ ಕೆಲಸ. ಸೀರೆ ಕೊಟ್ಟು ಹೋದವರು ಮತ್ತೆ ಬರುವುದು ತಿಂಗಳ ಮೇಲೆ. ಆ ಮನೆಗೆ ಜನ ಬರುತ್ತಿದ್ದುದು ಸರ್ಪಸುತ್ತಿಗಾಗಿ.

ಭಾನುವಾರ, ಮಂಗಳವಾರ, ಗುರುವಾರ ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ಮೂರು ಸಲ ಹಚ್ಚಿಸಿಕೊಳ್ಳಬೇಕು. ಅತ್ತೆ ಬೆಳಕು ಹರಿಯುವ ಹೊತ್ತಿಗೆ ಹಿತ್ತಲಿಂದ ಎಲೆ ಕಿತ್ತು, ಸೆರಗಿನಲ್ಲಿ ಮುಚ್ಚಿ ತಂದು, ಕಲ್ಲಿನ ಮೇಲೆ ಅರೆದು, ಜಾಜಿನಲ್ಲಿ ಕಲಸುತ್ತಿದ್ದಳು. ಜಾಜು ಎಂದರೆ ಗೋಡೆಗೆ ಬಳಿಯುವ ಕೆಂಪು ಮಣ್ಣು. ಗುಳ್ಳೆಗಳ ಸಾಲು ಒಂದು ಹಾವು, ಅದರ ತಲೆ ಬಾಲ ಕೂಡಿದರೆ ಕೆಟ್ಟದ್ದು ಎಂಬುದು ನಂಬಿಕೆ. ಅವು ಕೂಡದಂತೆ ಎರಡೂ ತುದಿಗೆ ಬೆರಳಿನಿಂದ ಅಡ್ಡ ಗೆರೆ ಎಳೆಯುತ್ತಿದ್ದಳು. ಹಚ್ಚಿಸಿಕೊಂಡವರು ಏನೂ ಕೊಡಬಾರದು. ಉಪಕಾರವಾಯಿತು ಎನ್ನಬಾರದು. ‘ಬರ್ತೀನಿ’ ಎನ್ನದೆ, ತಿರುಗಿ ನೋಡದೆ ಹೋಗಬೇಕು, ವಾಸಿಯಾದ ಮೇಲೆ ಹೇಳಲೂ ಬರಬಾರದು. ಹೀಗಾಗಿ ಯಾರಿಗೆ ವಾಸಿಯಾಯಿತು, ಯಾರಿಗೆ ಆಗಲಿಲ್ಲ ಎಂಬ ಮಾಹಿತಿ ಅವಳ ಬಳಿ ಇರಲಿಲ್ಲ. ಹಿಂದೊಮ್ಮೆ ಕೇಳಿದಾಗ, ಬರಲಿಲ್ಲ ಎಂದರೆ ಆರಾಮಿದ್ದಾರೆ ಎಂದು ತಿಳಿಯಬೇಕು ಅಂದಿದ್ದಳು. ತಾನು ಹಚ್ಚುವುದಕ್ಕೆ ಅವಳು ಔಷಧ ಎಂದಾಗಲಿ ದವಾ ಎಂದಾಗಲಿ ಹೇಳುತ್ತಿರಲಿಲ್ಲ. ‘ಹಚ್ಚೋದು’ ಎನ್ನುತ್ತಿದ್ದಳು, ಅಷ್ಟೇ.

ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮ ಎಲೆಯ ಹೆಸರಿನದು. ಅದನ್ನು ಹೇಳಬಾರದು. ಹೇಳಿದರೆ ಹೇಳಿದವರ ಕೈಗುಣ ಕೇಳಿದವರ ಕೈಗೆ ಹೋಗುತ್ತದೆ. ಹೇಳಿದವರು ಆಮೇಲೆ ಯಾರಿಗೂ ಹಚ್ಚುವಂತಿಲ್ಲ. ಅತ್ತೆಗೆ ಹೆಸರು ಹೇಳಿದ್ದು ಅವಳ ಅತ್ತೆ. ಒಂದು ಗುರುವಾರ ಸೊಸೆಯ ಕಿವಿಯಲ್ಲಿ ಹೇಳಿ, ಅಂದಿನಿಂದ ಆಕೆ ಸರ್ಪಸುತ್ತಿನವರು ಬಂದರೆ ಸೊಸೆಯ ಕಡೆಗೆ ಕೈ ತೋರಿಸಿ ಸುಮ್ಮನೆ ಕೂರುತ್ತಿದ್ದಳಂತೆ.

ನಾನು ಹೋದ ಆ ಗುರುವಾರ ಮೆಟ್ಟಿಲ ಮೇಲೆ ಮೂವರಿದ್ದರು. ಅವರಲ್ಲಿ ಒಬ್ಬ ಕಬ್ಬಿನ ಲಾರಿಯ ಚಾಲಕ. ಅವನ ಸೊಂಟದ ಒಂದು ಪಕ್ಕಕ್ಕೆ ಗುಳ್ಳೆ ಹರಡಿದ್ದವು. ಅತ್ತೆ ಹಚ್ಚುತ್ತಾ ಮದುವೆಯಾಗಿದೆಯೇ ಎಂದು ಕೇಳಿದಳು. ಆಗಿದೆ, ಹೆಂಡತಿ ಊರಲ್ಲಿದ್ದಾಳೆ, ತಾನು ಲಾರಿಯಲ್ಲಿರುತ್ತೇನೆ ಎಂದ.

“ಅದಕ್ಕ ನೋಡು, ಜಾಗಾ ಖಾಲಿ ಅದಂತ ಇದು ಬಂದು ಸುತ್ಯದ,” ಅಂದಳು ಅತ್ತೆ.

ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಚಾಲಕ ನಗಲು ಹೋಗಿ ನೋವಿಗೆ ಪಕ್ಕೆ ಹಿಡಿದುಕೊಂಡ. ಆ ಬೆಳಿಗ್ಗೆ ಅತ್ತೆ ಅವನಿಂದ ಕಾರ್ಖಾನೆ ಎಷ್ಟು ದಿನ ನಡೆಯುತ್ತದೆ ಎಂಬುದನ್ನೂ, ಇನ್ನಿಬ್ಬರಿಂದ ಯಾವ ಊರಲ್ಲಿ ಯಾರ ಮನೆಯಲ್ಲಿ ತೊಟ್ಟಿಲು, ಎಲ್ಲಿ ಜಗಳ ಎಂಬುದನ್ನೂ ತಿಳಿದುಕೊಂಡಳು. ಅವಳಿಗೆ ಓದು ಬರುವುದಿಲ್ಲ. ಟಿವಿ ಇಲ್ಲ. ನನಗೆ ಎರಡು ದಿನದ ಮೇಲೆ ಸಿಗುವ ಕೆಲವು ಸುದ್ದಿ ಅವಳಿಗೆ ಅಂದೇ ಸಿಗುತ್ತಿತ್ತು. ಹಚ್ಚಿಸಿಕೊಂಡ ಮೇಲೆ ಒಬ್ಬೊಬ್ಬರಾಗಿ ಎದ್ದು, ಏನೂ ಹೇಳದೆ ಹೋದರು. ಬಂದವರ ಹೆಸರು ಅವಳು ಕೇಳುತ್ತಿರಲಿಲ್ಲ, ಊರು ಮಾತ್ರ ಕೇಳುತ್ತಿದ್ದಳು.

ಭಾನುವಾರ ಎರಡನೇ ಸಲ ಹಚ್ಚಿಸಿಕೊಂಡೆ. ಮೂರನೇ ಸಲಕ್ಕೆ ಸೋಮವಾರ ಸಂಜೆಯೇ ಹೋಗಿ ಅಲ್ಲೇ ಉಳಿದೆ. ಮಂಗಳವಾರ ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದಾಗ ಅತ್ತೆ ಗೋಡೆಯ ಬದಿಯಲ್ಲಿ ಬಗ್ಗಿ ಎಲೆ ಕೀಳುತ್ತಿದ್ದಳು. ಯಾವ ಹೊಲದ ಬದುವಿನಲ್ಲೂ ಸಿಗುವ ಗಿಡ ಅದು. ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಅವಳು ತಿರುಗಿ ನನ್ನನ್ನು ನೋಡಿದಳು, ಎಲೆಯನ್ನು ಮುಚ್ಚಿಕೊಳ್ಳಲಿಲ್ಲ.

“ನೋಡ್ದೇನು?”

ನೋಡಿದೆ ಎಂದೆ.

“ನೋಡಿದ್ರ ಏನಾಗಂಗಿಲ್ಲ. ಹೆಸರ ಅನಬ್ಯಾಡ.”

ಅಂದು ಬಂದವರು ಹೋದ ಮೇಲೆ ನನಗೆ ಚಹಾ ಕೊಟ್ಟು, ಕೌದಿಯನ್ನು ಕಾಲ ಮೇಲೆ ಎಳೆದುಕೊಂಡು ಕೂತಳು. ಹುಮನಾಬಾದಿನಲ್ಲಿ ಗುಳಿಗೆ ಯಾರು ಕೊಡುತ್ತಾರೆ, ಬೆನ್ನಿಗೆ ಗುಳ್ಳೆ ಎದ್ದಿದ್ದರೆ ಯಾರು ನೋಡುತ್ತಿದ್ದರು ಎಂದು ಕೇಳಿದಳು. ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದೆ ಎಂದೆ. ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

“ಕಿವಿ ಇತ್ಲಾಗ ತಾ. ಹೆಸರ ನನ್ನ ಬಾಯಿಲೆ ಹೇಳ್ತೀನಿ. ಇನ್ ಮ್ಯಾಲ ನೀನೇ ಹಚ್ಚು. ನಿನ್ನ ಬಾಗಲಿಗೂ ನಾಕ ಮಂದಿ ಬರ್ತಾರ.”

ನಾಲ್ಕು ಮಂದಿ ಬಂದು ಕೂತರೆ ಸುದ್ದಿಗೆ ಯಾರು ಹೋಗುವುದು ಎಂದು ನಾನು ತಮಾಷೆ ಮಾಡಿದೆ. ಸುದ್ದಿ ತನ್ನ ಬಾಗಿಲಿಗೇ ಬರುತ್ತದೆ, ನಿನಗೂ ಬರುತ್ತದೆ ಎಂದಳು. ಆಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ.

“ನನಗ ಹೇಳಿದ್ರ ನಿನ್ನ ಹಂತ್ಯಾಕ ಯಾರ್ ಬರ್ತಾರ, ಅತ್ತಿ?”

ಅವಳು ದಾರ ಕಚ್ಚಿ ಹರಿದಳು. ನಿನ್ನ ಹತ್ತಿರವೇ ಇರಲಿ ಎಂದೆ. ಅವಳು ಎರಡನೇ ಸಲ ಕೇಳಲಿಲ್ಲ. ನಾನು ಬರ್ತೀನಿ ಎನ್ನದೆ ಎದ್ದು ಬಸ್ ನಿಲ್ದಾಣಕ್ಕೆ ಹೋದೆ.

ಏಪ್ರಿಲ್ ಹೊತ್ತಿಗೆ ಗುಳ್ಳೆ ಒಣಗಿ ಸಿಪ್ಪೆಯಾಗಿ ಉದುರಿದ್ದವು. ವೈದ್ಯರು ಹೇಳಿದಷ್ಟೇ ದಿನ ಹಿಡಿದಿತ್ತು. ಚೌಕಕ್ಕೆ ಪದಗಳು ಮುಗಿಯುತ್ತಾ ಬಂದಿದ್ದವು. ಮಜ್ಜಿಗೆ, ಸಬ್ಜಾ ಬೀಜದ ಶರಬತ್ತು ಮುಂತಾಗಿ ಬೇಸಗೆಯಲ್ಲಿ ಮೈ ತಂಪು ಮಾಡುವವುಗಳ ಮೇಲೆ ಎರಡು ವಾರ ಬರೆದಾಗಿತ್ತು. ಗುರುವಾರ ಸಂಜೆ ಐದರೊಳಗೆ ಕಲಬುರಗಿಗೆ ಕಳುಹಿಸಬೇಕು. ಆ ಗುರುವಾರ ನಾಲ್ಕು ಗಂಟೆಗೆ ಪುಸ್ತಕದಲ್ಲಿ ಏನೂ ಉಳಿದಿರಲಿಲ್ಲ.

ಎಲೆಯ ಬಗ್ಗೆ ಬರೆದೆ. ಆಗ ನನ್ನ ಮುಂದಿದ್ದ ಕಾರಣಗಳನ್ನು ಇದ್ದ ಹಾಗೇ ದಾಖಲಿಸುತ್ತೇನೆ. ಹೆಸರನ್ನು ನನಗೆ ಯಾರೂ ಹೇಳಿರಲಿಲ್ಲ, ಕಣ್ಣಾರೆ ನೋಡಿ ತಿಳಿದದ್ದು. ಅತ್ತೆಯ ನಂತರ ಅದು ಯಾರ ಬಳಿಯೂ ಉಳಿಯುತ್ತಿರಲಿಲ್ಲ. ನಾನು ಅವಳ ಹೆಸರನ್ನಾಗಲಿ ಓಣಿಯನ್ನಾಗಲಿ ಬರೆಯುತ್ತಿರಲಿಲ್ಲ. ಎಲೆಯ ಚಿತ್ರವನ್ನು ಸಸ್ಯಶಾಸ್ತ್ರ ಕಲಿಸುವವರೊಬ್ಬರಿಗೆ ಕಳುಹಿಸಿ ಹೆಸರು ಸರಿಯಿದೆಯೇ ಎಂದು ಖಚಿತಪಡಿಸಿಕೊಂಡೆ. ಸರ್ಪಸುತ್ತು ಎದ್ದವರು ಮೊದಲು ವೈದ್ಯರ ಬಳಿ ಹೋಗಬೇಕು ಎಂದು ಕೊನೆಯಲ್ಲಿ ಸೇರಿಸಿದೆ. ಹೆಸರು ಅನಬೇಡ ಎಂದಿದ್ದಳು, ನಾನು ಅನ್ನಲಿಲ್ಲ, ಬರೆದೆ ಎಂಬ ಸಮಾಧಾನವೂ ಇತ್ತು. ಹೆಸರು ಐದನೇ ಸಾಲಿನಲ್ಲಿತ್ತು. ಅದನ್ನು ಇಲ್ಲಿ ಬರೆಯುತ್ತಿಲ್ಲ.

ನಾನು ಬರೆದ ಚೌಕಗಳಲ್ಲಿ ಇಷ್ಟು ಜನ ಓದಿದ್ದು ಇನ್ನೊಂದಿಲ್ಲ. ಶನಿವಾರ ಬೆಳಿಗ್ಗೆಯೇ ಅದರ ಚಿತ್ರ ವಾಟ್ಸಾಪಿನಲ್ಲಿ ಹರಿದಾಡಿತು. ಟಯರ್ ಅಂಗಡಿಯವನು ಅದನ್ನು ನನಗೇ ಕಳುಹಿಸಿದ. ನಾನೇ ಬರೆದದ್ದೆಂದು ಅವನಿಗೆ ಗೊತ್ತಿರಲಿಲ್ಲ. ಮುಖ್ಯ ಉಪಸಂಪಾದಕರು ಫೋನ್ ಮಾಡಿ ಇಂಥದ್ದು ಇನ್ನೂ ಬೇಕು ಎಂದರು. ಮುಂದಿನ ವಾರ ಹುಮನಾಬಾದಿನ ಸಂತೆಯಲ್ಲಿ ಹೂವಿನವರ ಬುಟ್ಟಿಯ ಪಕ್ಕ ಆ ಎಲೆಯ ಕಟ್ಟುಗಳಿದ್ದವು.

ಅತ್ತೆಗೆ ಅದು ತಿಳಿದದ್ದು ಭಾನುವಾರ. ಎರಡನೇ ಸಲ ಹಚ್ಚಿಸಿಕೊಳ್ಳಲು ಬಂದಿದ್ದ ಶಾಲಾ ಶಿಕ್ಷಕರೊಬ್ಬರು, ನೀವು ಹಚ್ಚುವುದು ಇದೇ ಅಲ್ಲವೇ ಎಂದು ಮೊಬೈಲಿನಲ್ಲಿ ಓದಿ ಹೇಳಿದರು. ಅವರು ಕೆಟ್ಟ ಮನಸ್ಸಿನಿಂದ ಓದಿದ್ದಲ್ಲ, ನಿಮ್ಮದು ಪೇಪರಿನಲ್ಲಿ ಬಂದಿದೆ ಎಂಬ ಸಂತೋಷಕ್ಕೆ ಓದಿದರು. ಅತ್ತೆ ಅಂದು ಅರೆದದ್ದನ್ನು ಅವರಿಗೆ ಹಚ್ಚಲಿಲ್ಲ. ಗಿಡದ ಬುಡಕ್ಕೆ ಸುರಿದು, ಕಲ್ಲು ತೊಳೆದಿಟ್ಟಳು. ಇದನ್ನೆಲ್ಲ ಪಕ್ಕದ ಮನೆಯವರಿಂದ ಕೇಳಿದೆ.

ನಾನು ಹೋದದ್ದು ಅದರ ಮುಂದಿನ ಭಾನುವಾರ. ಏಳು ಗಂಟೆಯಾಗಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಅತ್ತೆ ಎಂದಿನಂತೆ ಬಾ ಅಂದಳು, ಚಹಾಕ್ಕೆ ಇಟ್ಟಳು. ಕೋಪದ ಮಾತಿಗೆ ಸಿದ್ಧಳಾಗಿ ಹೋಗಿದ್ದೆ. ಅದು ಬರಲಿಲ್ಲ. ಹಾಗಾಗಿ ನಾನೇ ಶುರು ಮಾಡಬೇಕಾಯಿತು. ಗುರುವಾರ ಇಬ್ಬರು ಬಂದಿದ್ದರು, ಹಚ್ಚುವುದನ್ನು ಬಿಟ್ಟಿದ್ದೇನೆ ಎಂದು ಹೇಳಿ ಕಳುಹಿಸಿದೆ, ಮಂಗಳವಾರ ಯಾರೂ ಬಂದಿರಲಿಲ್ಲ ಎಂದಳು. ನೀನು ಹೆಸರು ಹೇಳಿಲ್ಲ, ಬರೆದವಳು ನಾನು, ಹಚ್ಚುವುದಕ್ಕೆ ನಿನಗ್ಯಾವ ಅಡ್ಡಿ ಎಂದು ವಾದಿಸಿದೆ.

“ನೀ ಬ್ಯಾರೇನು, ನಾ ಬ್ಯಾರೇನು?” ಅಂದಳು. “ನಮ್ಮ ಮನಿಯಿಂದ ಹೊಂಟದಲ್ಲ ಹೆಸರು.”

ಹಾಗಾದರೆ ಕೈಗುಣ ಈಗ ಯಾರ ಹತ್ತಿರ ಹೋಯಿತು ಎಂದು ಕೇಳಿದೆ.

“ಓದಿದವ್ರಿಗೆಲ್ಲಾ ಹೋಗ್ಯದ. ಭಾಳ ಮಂದಿ ಓದ್ತಾರಂತಲ್ಲ ನಿಮ್ಮ ಪೇಪರ.”

ಚಹಾ ಕುಡಿದೆವು. ಹೊರಗೆ ಹೆಜ್ಜೆ ಸಪ್ಪಳವಾದಾಗ ಅವಳು ಸೂಜಿ ನಿಲ್ಲಿಸಿದಳು. ಹಾಲಿನವನು ಹಾದು ಹೋದ.

ಹುಮನಾಬಾದಿಗೆ ಮರಳಿದ ದಿನವೇ ಕಲಬುರಗಿಗೆ ಫೋನ್ ಮಾಡಿ, ಆ ಚೌಕಕ್ಕೆ ಒಂದು ತಿದ್ದುಪಡಿ ಹಾಕಲು ಸಾಧ್ಯವೇ ಎಂದು ಕೇಳಿದೆ. ಮುಖ್ಯ ಉಪಸಂಪಾದಕರು ನನಗಿಂತ ಚಿಕ್ಕವರು. ನಾನು ಅಲ್ಲಿದ್ದಾಗ ತಿದ್ದುಪಡಿಯ ನಿಯಮ ಅವರಿಗೆ ಹೇಳಿಕೊಟ್ಟವಳು ನಾನೇ.

“ಹೆಸರ ತಪ್ಪ ಅದೇನ್ರಿ ಮೇಡಂ?”

ತಪ್ಪಿಲ್ಲ ಎಂದೆ.

“ಮತ್ತ ತಿದ್ದೋದು ಏನ್ರಿ?”

ಯಾರಾದರೂ ಆಕ್ಷೇಪ ಎತ್ತಿದ್ದಾರೆಯೇ, ನೋಟಿಸ್ ಬಂದಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಚೌಕವನ್ನು ನಿಲ್ಲಿಸುತ್ತೇನೆ ಎಂದಾಗ ಬೇಜಾರಾದರು.

ಆದರೆ ಹೆಸರು ತಪ್ಪಾಗಿ ಪ್ರಕಟವಾಗಿದೆ ಎಂದು ನಾನೇ ಬರೆದು ಕಳುಹಿಸಿದ್ದರೆ ಅವರು ಹಾಕುತ್ತಿದ್ದರು. ವರದಿಗಾರ್ತಿ ತನ್ನ ತಪ್ಪು ಒಪ್ಪಿಕೊಂಡರೆ ಕಚೇರಿ ಮರುಪ್ರಶ್ನೆ ಹಾಕುವುದಿಲ್ಲ. ಎರಡು ಸಾಲು ಸಾಕು. ಬರೆದೆ. ಇಂಥ ದಿನ ಈ ಪುಟದಲ್ಲಿ ಹೇಳಿದ ಎಲೆಯ ಹೆಸರು ಸರಿಯಲ್ಲ, ಮಾಹಿತಿ ಸಂಗ್ರಹದಲ್ಲಿ ಆದ ತಪ್ಪಿಗೆ ವಿಷಾದವಿದೆ. ಅದನ್ನು ಮೊಬೈಲಿನಲ್ಲಿಟ್ಟುಕೊಂಡು ಮುಂದಿನ ಭಾನುವಾರ ಅತ್ತೆಯ ಮನೆಗೆ ಹೋಗಿ ಓದಿ ಹೇಳಿದೆ. ಎರಡು ಸಲ ಓದಿಸಿದಳು.

“ಇದು ಸುಳ್ಳಲ್ಲ?”

ಸುಳ್ಳು ಎಂದೆ.

“ಇದು ಬಂದ್ರ ಮಂದಿ ಬರ್ತಾರೇನು?”

ಬರಬಹುದು, ಎಲ್ಲರೂ ಅಲ್ಲ, ಕೆಲವರಾದರೂ ಬರಬಹುದು ಎಂದೆ. ಅವಳು ಕೌದಿಯ ಅಂಚನ್ನು ಬೆರಳಿನಿಂದ ಅಳೆಯುತ್ತಾ ಲೆಕ್ಕ ಹಾಕಿದಳು. ಹೇಳಿದ್ದೇ ತಪ್ಪು ಹೆಸರಾದರೆ ಸರಿಯಾದ ಹೆಸರು ಹೇಳಿದಂತಾಗಲಿಲ್ಲ, ಹೇಳದಿದ್ದರೆ ಕೈಗುಣ ಹೋಗಿಲ್ಲ ಎಂಬಲ್ಲಿಗೆ ಬಂದು ಮುಟ್ಟಿದಳು. ಮುಖ ಸ್ವಲ್ಪ ಬೆಳಗಿತು.

“ಬರಿ,” ಅಂದಳು.

ಬಸ್ಸಿನಲ್ಲಿ ಅದನ್ನು ಮತ್ತೆ ಓದಿದೆ. ಕೋಣೆಗೆ ಬಂದು ಓದಿದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನಿಂದ ತಪ್ಪು ಸುದ್ದಿ ಹೋಗಿಲ್ಲ ಎನ್ನಲಾರೆ, ಹೋಗಿದೆ. ತಪ್ಪು ಎಂದು ಗೊತ್ತಿದ್ದು ಹೋದದ್ದು ಇರಲಿಲ್ಲ. ಸರಿಯಾದ ಎಲೆ ಯಾವುದು ಹಾಗಾದರೆ ಎಂದು ಜನ ಕೇಳುತ್ತಾರೆ, ಯಾರೋ ಬೇರೆ ಯಾವುದೋ ಎಲೆ ಅರೆದು ಮೈಗೆ ಹಚ್ಚಿಕೊಳ್ಳುತ್ತಾರೆ ಎಂದೂ ಯೋಚಿಸಿದೆ. ಗುರುವಾರ ಐದು ಗಂಟೆ ಕಳೆಯಿತು. ಮುಂದಿನ ಗುರುವಾರವೂ ಕಳೆಯಿತು. ಕಳುಹಿಸಲಿಲ್ಲ.

ಅದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಬಸವಕಲ್ಯಾಣಕ್ಕೆ ಹೋದೆ. ಅತ್ತೆ ಕೇಳಿಸಿಕೊಂಡಳು. ಅವಳು ಆ ಎರಡು ವಾರ ಬೆಳಿಗ್ಗೆ ಮೆಟ್ಟಿಲು ಗುಡಿಸಿ ನೀರು ಹಾಕುತ್ತಿದ್ದಳು ಎಂಬುದು ನನಗೆ ಆಗ ಗೊತ್ತಾಯಿತು.

“ನಾ ಹಚ್ಚವಲ್ಲೆ, ನೀ ಬರಿಯವಲ್ಲಿ,” ಅಂದಳು. “ಇಬ್ಬರೂ ಒಂದೇ ಮನಿಯವ್ರು, ಕರೇ ಅದ.”

ಅಂದು ಊಟಕ್ಕೆ ನಿಲ್ಲು ಅಂದಳು. ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿದ್ದಳು. ಇಬ್ಬರೇ ಉಂಡೆವು. ಅವಳ ಹತ್ತಿರ ಹೇಳಲು ಯಾವ ಊರಿನ ಸುದ್ದಿಯೂ ಇರಲಿಲ್ಲ. ನನ್ನ ಬಳಿ ಇದ್ದ ಸುದ್ದಿಗಳನ್ನು ಹೇಳಿದೆ: ಹೆದ್ದಾರಿಯ ಕಾಮಗಾರಿ, ಪುರಸಭೆಯ ಸಭೆ. ಹೂಂ ಅಂದಳು.

ಮಳೆಗಾಲದಲ್ಲಿ, ಆಗಸ್ಟ್ ಇರಬೇಕು, ನಿರ್ಣಾದ ಹೆಂಗಸೊಬ್ಬರು ಎರಡು ಬಸ್ಸು ಬದಲಿಸಿ ಅತ್ತೆಯ ಮನೆ ಹುಡುಕಿಕೊಂಡು ಬಂದರು. ನಲವತ್ತರ ಆಸುಪಾಸಿನವರು, ಹೊಲದ ಕೂಲಿಗೆ ಹೋಗುವವರು. ಅವರ ಬೆನ್ನಿಗೆ ಸರ್ಪಸುತ್ತು ಎದ್ದಿತ್ತು. ವಾಟ್ಸಾಪಿನಲ್ಲಿ ಬಂದದ್ದನ್ನು ಯಾರೋ ಓದಿ ಹೇಳಿದ್ದರಿಂದ ಎಲೆಯನ್ನು ತಾವೇ ಅರೆದು ಹಚ್ಚಿಕೊಂಡಿದ್ದರು. ಬೆನ್ನು ಕೈಗೆ ಸಿಗದೆ ಒರಟು ಬಟ್ಟೆಯಿಂದ ಉಜ್ಜಿ ಹಚ್ಚಿದ್ದರಂತೆ. ಗುಳ್ಳೆ ಒಡೆದು, ಕೀವಾಗಿ, ರವಿಕೆ ಅಂಟಿಕೊಂಡಿತ್ತು. ಜ್ವರವಿತ್ತು. ಚೌಕದ ಕೊನೆಯಲ್ಲಿ ವೈದ್ಯರ ಬಳಿ ಹೋಗಬೇಕು ಎಂದು ನಾನು ಬರೆದ ಸಾಲು, ಮುಂದೆ ಮುಂದೆ ಕಳುಹಿಸಿದವರ ಚಿತ್ರದಲ್ಲಿ ಕತ್ತರಿಸಿ ಹೋಗಿತ್ತು. ಇದನ್ನು ಆಮೇಲೆ ಅವರ ಮೊಬೈಲಿನಲ್ಲಿ ನಾನೇ ನೋಡಿದೆ.

ಅತ್ತೆ ಅವರಿಗೆ ಹಚ್ಚಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಆಟೊ ಕರೆದು, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತನ್ನ ಕಾಯಿಲೆಗೆ ಅವಳು ಎಂದೂ ಅಲ್ಲಿಗೆ ಹೋದವಳಲ್ಲ. ಹೊರರೋಗಿಗಳ ವಿಭಾಗದ ಮುಂದೆ ಕಾದು, ನರ್ಸ್ ಗಾಯ ತೊಳೆಯುವಾಗ ಆ ಹೆಂಗಸಿನ ಕೈ ಹಿಡಿದು ನಿಂತಿದ್ದಳು. ಐದು ದಿನ ಡ್ರೆಸಿಂಗಿಗೆ ಬರಬೇಕೆಂದರು. ದಿನವೂ ನಿರ್ಣಾದಿಂದ ಬರಲಾಗದು ಎಂದು ಐದು ದಿನ ತನ್ನ ಮನೆಯಲ್ಲೇ ಇಟ್ಟುಕೊಂಡಳು. ವಾಸಿಯಾಗಿ ಊರಿಗೆ ಹೊರಟಾಗ ಆ ಹೆಂಗಸು ಬಾಗಿಲಲ್ಲಿ ನಿಂತು, ಹೋಗಿ ಬರ್ತೀನ್ರವ್ವ, ಭಾಳ ಉಪಕಾರ ಆತು ಎಂದು ಕಾಲು ಮುಟ್ಟಿದರು. ಅತ್ತೆಗೆ ಆ ಮಾತು ಕೇಳಿ ರೂಢಿಯಿರಲಿಲ್ಲ. ಹಾಂ ಹಾಂ ಅಂದೆ ಅಂದಳು.

ಅದರ ಮುಂದಿನ ಭಾನುವಾರ ಫೋನಿನಲ್ಲಿ ಅವಳ ದನಿ ಬೇರೆಯಾಗಿತ್ತು. ಆಸ್ಪತ್ರೆಯ ಮುಂದಿನ ಬೆಂಚಿನ ಮೇಲೆ ಕೂತಿದ್ದ ಒಬ್ಬೊಬ್ಬರ ಊರು, ಕಾಯಿಲೆ, ಸೊಸೆ, ಎಮ್ಮೆ ಎಲ್ಲವನ್ನೂ ಹೇಳಿದಳು. ಫೋನು ನಲವತ್ತು ನಿಮಿಷ ನಡೆಯಿತು. ಅಷ್ಟು ಹೊತ್ತು ಅವಳು ನನ್ನೊಂದಿಗೆ ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು.

ಜನವರಿಯಲ್ಲಿ ಬೇರೊಂದು ಸುದ್ದಿಗಾಗಿ ಆ ಆಸ್ಪತ್ರೆಗೆ ಹೋಗಿದ್ದೆ. ಅತ್ತೆ ಬೆಂಚಿನ ಮೇಲಿದ್ದಳು, ಎರಡೂ ಪಕ್ಕದಲ್ಲಿ ಹೆಂಗಸರಿದ್ದರು. ನನ್ನನ್ನು ನೋಡಿ ಕೈ ಎತ್ತಿದಳು, ಮಾತು ನಿಲ್ಲಿಸಲಿಲ್ಲ. ಅವರು ನಿಮ್ಮವರೇ ಎಂದು ನರ್ಸ್ ಕೇಳಿದರು. ಅತ್ತೆ ಎಂದೆ.

“ವಾರದಾಗ ನಾಕ ದಿನ ಬರ್ತಾರ್ರಿ. ಏನ್ ತ್ರಾಸ ಅದರಿ ಅಮ್ಮಾ ಅಂದ್ರ ಮಂದೀದೇ ಹೇಳ್ತಾರ, ತಮ್ದು ಹೇಳಂಗಿಲ್ಲ.”

ಚೀಟಿ ಇಲ್ಲದವರು ಅಲ್ಲಿ ಕೂರುವಂತಿಲ್ಲ ಎಂದು ಕಾವಲುಗಾರ ಹೇಳಿದ ಮೇಲೆ ಅತ್ತೆ ಚೀಟಿ ಮಾಡಿಸಿಕೊಂಡಿದ್ದಾಳೆ. ಅದರಲ್ಲಿ ತೊಂದರೆ ಎಂಬಲ್ಲಿ ‘ಸುಸ್ತು’ ಎಂದಿದೆ. ವೈದ್ಯರು ಶಕ್ತಿಯ ಗುಳಿಗೆ ಬರೆದಿದ್ದಾರೆ. ಕಳೆದ ಸೋಮವಾರ ಅವಳ ಸರದಿ ಹನ್ನೊಂದು ಗಂಟೆಗೆ ಬಂತು. ಹಿಂದೆ ಇದ್ದವರನ್ನು ಒಬ್ಬೊಬ್ಬರಾಗಿ ಮುಂದೆ ಕಳುಹಿಸಿ, ಅವಳು ಒಂದೂವರೆಯವರೆಗೆ ಬೆಂಚಿನ ಮೇಲೆ ಕೂತಿದ್ದಳು.